ನಲವತ್ತಮೂರು ದಿನದ ಹಾಜರಿ

ಫೋಟೋದ ಚೌಕಟ್ಟನ್ನು ಹೇಗೆ ಹಿಡಿದರೂ ಅದು ಬಸ್ಸಿನಲ್ಲಿ ಯಾರಿಗಾದರೂ ತಾಗುತ್ತಲೇ ಇತ್ತು. ತೊಡೆಯ ಮೇಲೆ ಅಡ್ಡ ಇಟ್ಟರೆ ಪಕ್ಕದ ಮುದುಕಿಯ ಮೊಣಕೈಗೆ, ನಿಲ್ಲಿಸಿ ಹಿಡಿದರೆ ಮುಂದಿನ ಸೀಟಿನವನ ಬೆನ್ನಿಗೆ. ಕುರುಗೋಡಿನಲ್ಲಿ ಹತ್ತಿದಾಗಿನಿಂದ ಅನುಷಾ ನಾಲ್ಕು ಸಲ ಅದನ್ನು ತಿರುಗಿಸಿದ್ದಳು. ಹಳೆಯ ಪೇಪರು ಸುತ್ತಿ ಸುತಳಿ ಕಟ್ಟಿದ್ದರೂ ಒಂದು ಮೂಲೆ ಹರಿದು, ಅಲ್ಲಿಂದ ಫೋಟೋದ ಹಿಂದಿನ ಸಾಲಿನ ಇಬ್ಬರು ಹುಡುಗರ ತಲೆ ಇಣುಕುತ್ತಿತ್ತು. ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಚೀಟಿ ಕೊಡುತ್ತ, "ದೇವರ ಫೋಟೋ ಏನವ್ವ? ಕಾಲತಾಕ ಇಡಬ್ಯಾಡ" ಅಂದ. "ಅಲ್ರಿ, ನಮ್ಮ ಸಾಲಿ ಫೋಟೋ" ಅಂದಳು. ಫೋಟೋದಲ್ಲಿ ನಲವತ್ತೊಂದು ಮುಖ, ಕೆಳಗೆ ನಲವತ್ತೆರಡು ಹೆಸರು. ಹೆಚ್ಚಿನ ಆ ಒಂದು ಹೆಸರನ್ನು ಬರೆದವಳು ತಾನೇ. ಆ ಹೆಸರಿನವಳು ಬಳ್ಳಾರಿಯಲ್ಲಿದ್ದಾಳೆ. ಇದನ್ನು ಅವಳ ಕೈಗಿಟ್ಟು, ಇಡುವಾಗಲೇ ಒಂದು ಮಾತು ಹೇಳಿ ಬಂದುಬಿಡಬೇಕು ಎಂದು ಹೊರಟಿದ್ದಳು. ಬೆಳಗಿನಿಂದ ಆ ಮಾತನ್ನು ಬಾಯಲ್ಲಿ ಹೊರಳಾಡಿಸಿ ನೋಡಿದ್ದಳು. ಒಂದು ಸಲವೂ ಅದು ತನ್ನದೇ ಮಾತು ಅನ್ನಿಸಿರಲಿಲ್ಲ.

ನಿನ್ನೆ ಶನಿವಾರ ಹತ್ತನೇ ತರಗತಿಗೆ ಬೀಳ್ಕೊಡುಗೆ. ಒಂಬತ್ತನೆಯವರು ಬಣ್ಣದ ಕಾಗದ ಹಚ್ಚಿ, ಬಲೂನು ಊದಿ, ಅರ್ಧ ಬಲೂನು ತಾವೇ ಒಡೆದು, ಒಗ್ಗಾಣಿ ಮಿರ್ಚಿ ಮಾಡಿಸಿ, ಮೈಕು ತರಿಸಿದ್ದರು. ಒಬ್ಬೊಬ್ಬರೇ ಎದ್ದು ಹೋಗಿ ಅನಿಸಿಕೆ ಹೇಳಬೇಕು. ಮೂರು ವರ್ಷ ಈ ಸಾಲಿಯ ಗೋಡೆ, ಬೋರ್ಡು, ನೀರಿನ ಟ್ಯಾಂಕು ಒಂದನ್ನೂ ಬಿಡದೆ ಬೈದುಕೊಂಡು ಬಂದ ಸುಮಂಗಲಾ ಮೈಕಿನ ಮುಂದೆ ನಿಂತು "ಈ ಸಾಲಿ ನಮಗ ತವರುಮನಿ ಇದ್ದಂಗ" ಅಂದಳು, ಅಂದವಳೇ ಬಿಕ್ಕಿಬಿಕ್ಕಿ ಅತ್ತಳು. ಹಿಂದಿನ ಬೆಂಚಿನ ತಿಪ್ಪೇಶ, ಮರಿಬಸಪ್ಪ ಸರ್ ಒಂದು ಭಾನುವಾರ ತನ್ನನ್ನು ಮೆಣಸಿನಕಾಯಿ ಹೊಲದಿಂದ ಕತ್ತಿನ ಪಟ್ಟಿ ಹಿಡಿದು ಬೈಕಿಗೆ ಹತ್ತಿಸಿಕೊಂಡು ಬಂದ ಕಥೆ ಹೇಳಿದ. "ಅವತ್ತ ಅವರು ಬರ್ಲಿಲ್ಲಾಂದ್ರ ನಾ ಇವತ್ತ ಇಲ್ಲಿ ನಿಂದ್ರತಿದ್ದಿಲ್ಲ" ಎಂದು ಸರ್ ಕಾಲಿಗೆ ಬಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅನುಷಾ ಕೂಡ ತಟ್ಟಿದಳು, ಅಂಗೈ ಉರಿಯುವಷ್ಟು. ಲೀಡರಾದ್ದರಿಂದ ಅವಳ ಸರದಿ ಕೊನೆಗೆ. ಮೈಕು ಹಿಡಿದಾಗ ತಲೆಯಲ್ಲಿ ಒಂದೇ ಒಂದು ಹೆಸರು ಇತ್ತು. ಬಾಯಿಂದ ಬಂದದ್ದು, ಮೂರು ವರ್ಷ ಹೇಗೆ ಕಳೆದವೋ ಗೊತ್ತಾಗಲಿಲ್ಲ ಎಂಬ ಮಾತು. ತನಗಿಂತ ಮುಂಚೆ ಹನ್ನೊಂದು ಜನ ಅದನ್ನೇ ಹೇಳಿದ್ದರು. ಅವಳೂ ಹೇಳಿ ಕೆಳಗಿಳಿದಳು. ಎಲ್ಲರ ಜತೆ ಅಳಬೇಕೆಂದು ಕಣ್ಣು ಒತ್ತಿ ನೋಡಿಕೊಂಡಳು, ಒಂದು ಹನಿ ಬರಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವಳು ಹಿಂದೆಂದೂ ಕುಳಿತಿರಲಿಲ್ಲ.

ಆಮೇಲೆ ಫೋಟೋ ಹಂಚಿದರು. ಹುಡುಗಿಯರ ಸಾಲಿನ ಹೆಸರುಗಳನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಓದುತ್ತ ಹೋದ ಅನಿತಾ, ಸಾಲು ಮುಗಿದರೂ ತನ್ನ ಹೆಸರಿಗೆ ಮುಖ ಸಿಗದೆ ಗಾಬರಿಯಾದಳು. ಮತ್ತೆ ಓದಿದರು. ಐದನೆಯ ಹೆಸರಿನಿಂದ ಎಲ್ಲ ಒಂದೊಂದು ಮನೆ ಸರಿದಿತ್ತು. ಅನುಷಾಳ ಮುಖಕ್ಕೆ ಮೌನಿಕಾ ಎಂಬ ಹೆಸರು, ಸುಮಂಗಲಾಳ ಮುಖಕ್ಕೆ ಅನುಷಾಳ ಹೆಸರು, ಹೀಗೇ ಕೊನೆತನಕ. ಸ್ಟುಡಿಯೋದವನಿಗೆ ಕೊಡಲು ಪಟ್ಟಿ ಬರೆದದ್ದು ಅನುಷಾ, ಅಕ್ಷರ ಚೆನ್ನಾಗಿದೆ ಎಂದು. ಒಂಬತ್ತನೆಯ ಹಾಜರಿ ಪುಸ್ತಕದಲ್ಲಿ ತಿಂಗಳು ತಿಂಗಳೂ ತನ್ನ ಹೆಸರಿಗಿಂತ ಮುಂಚೆ ಆ ಹೆಸರು ಬರೆದೂ ಬರೆದೂ ಕೈಗೆ ರೂಢಿಯಾಗಿತ್ತು. ಬರೆದದ್ದು ಅವಳಿಗೇ ಗೊತ್ತಿರಲಿಲ್ಲ. ಈ ವರ್ಷ ಬಂದ ಹೆಡ್‌ಮೇಡಂ ವೀರಭದ್ರಮ್ಮನವರು "ಯಾರೀಕಿ ಮೌನಿಕಾ?" ಎಂದು ಕೇಳಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಿಬಸಪ್ಪ ಸರ್ ಕನ್ನಡಕ ತೆಗೆದು ಒರೆಸಿದರು. "ಒಂಬತ್ತನೇತ್ತ ಮಟ ಇದ್ದಳ್ರಿ ಮೇಡಂ. ನಮ್ಮ ಊರಾಗ ಎರ್ರಿ ಅಂತ ಅದಾನ್ರಿ, ಅವನ ಮಗಳು. ಸಾಲಿ ತಪ್ಪಿಸ್ದಾಕಿ ಅಲ್ಲ, ಪರೀಕ್ಷಿಗೆ ಮಾತ್ರ ಬರಲಿಲ್ಲ. ಯಾಕೋ ಏನೋ, ನನಗ ಇವತ್ತಿಗೂ ತಿಳಿವಲ್ದು." ಅವರು ಅನುಷಾಳ ಕಡೆ ತಿರುಗಿ ನಕ್ಕರು. "ಇಕಿಗೆ ಗೆಳತಿ ನೆನಪು ನೋಡ್ರಿ. ಮನಸಿನ್ಯಾಗ ಇದ್ದದ್ದು ಕೈಯಾಗ ಬಂದೈತಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಸ್ಸು ಎಲ್ಲೋ ನಿಂತು ಹೊರಟಿತು. ಮುದುಕಿ ತೂಕಡಿಸಿ ಚೌಕಟ್ಟಿನ ಮೇಲೆ ತಲೆಯಿಟ್ಟಳು. ಅನುಷಾ ಎಬ್ಬಿಸಲಿಲ್ಲ.

ಒಂಬತ್ತನೆಯಲ್ಲಿ ಹಾಜರಿ ಪುಸ್ತಕ ಅವಳ ಕೈಗೆ ಬಂದದ್ದು ಹೇಗೆಂದರೆ, ಇರುವ ಮೇಷ್ಟ್ರುಗಳಲ್ಲಿ ಇಬ್ಬರಿಗೆ ವರ್ಗ ಆಯಿತು, ಮರಿಬಸಪ್ಪ ಸರ್ ವಾರಕ್ಕೆ ಮೂರು ದಿನ ಬೇರೆ ಊರಿನ ಸಾಲಿಗೂ ಹೋಗಬೇಕಾಯಿತು. ಇಲ್ಲಿದ್ದ ದಿನವೂ ಹತ್ತನೆಯವರ ವಿಶೇಷ ತರಗತಿ, ತರಬೇತಿ, ಮೀಟಿಂಗು ಎಂದು ಒಂಬತ್ತನೆಯವರಿಗೆ ಸಿಗುವುದೇ ಅಪರೂಪ. "ಅನುಷಾ, ನೀ ಹೆಸರು ಕೂಗಿ ಹಾಕವ್ವ. ಶನಿವಾರ ನಾ ನೋಡ್ತೀನಿ" ಅಂದರು. ಬೆಳಿಗ್ಗೆ ನೀಲಿ ಶಾಯಿಯಲ್ಲಿ ಒಂದು ಓರೆಗೀಟು, ಮಧ್ಯಾಹ್ನ ಅದರ ಮೇಲೆ ಇನ್ನೊಂದು. ಬಾರದಿದ್ದವರಿಗೆ ಕೆಂಪು. ಶನಿವಾರ ಸರ್ ಪುಸ್ತಕ ತಿರುವಿ, ಯಾರ ಮುಂದೆ ಒಂದೇ ಸಮ ಕೆಂಪು ಕಾಣುತ್ತದೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಹಳೆಯ ಬೈಕು ದಡದಡ ಎನ್ನುತ್ತ ಆ ಹುಡುಗರ ಮನೆಯ ಮುಂದೆ. ಮನೆಯಲ್ಲಿಲ್ಲದಿದ್ದರೆ ಹೊಲಕ್ಕೆ. ಹೊಲದಲ್ಲಿಲ್ಲದಿದ್ದರೆ ದುಡಿಯಲು ಹೋದ ಊರಿಗೆ. ಅಪ್ಪಂದಿರ ಜತೆ ಜಗಳ, ಅವ್ವಂದಿರ ಕೈಯ ಚಹಾ, ಕೊನೆಗೆ ಹುಡುಗ ಹಿಂದಿನ ಸೀಟಿನ ಮೇಲೆ. ಸಾಲಿಯಲ್ಲಿ ಎಲ್ಲರೂ ಆ ಬೈಕನ್ನು ಬೈಯುವವರೇ. ಅದು ಒಂದು ಸಲವಾದರೂ ತಮ್ಮ ಮನೆ ಮುಂದೆ ನಿಲ್ಲಲಿ ಎಂದು ಒಳಗೊಳಗೆ ಆಸೆ ಇಲ್ಲದವರು ಕಡಿಮೆ.

ಸಂಕ್ರಾಂತಿ ಆದ ಮೇಲೆ ಮೌನಿಕಾಳ ಅಪ್ಪ ಎರ್ರಿ, ಅವ್ವ ಪಕ್ಕೀರಮ್ಮ ಸಿರುಗುಪ್ಪದ ಕಡೆ ಭತ್ತ ನಾಟಿಗೆ ಹೊರಟರು. ಮಗಳೂ ಹೋಗಬೇಕು, ಗುಂಪಿನಲ್ಲಿ ಒಂದು ಕೈ ಕಡಿಮೆಯಿತ್ತು. "ಎರಡ ವಾರ ಅಷ್ಟ" ಅಂದಿದ್ದಳು ಮೌನಿಕಾ, ನೀರಿನ ಟ್ಯಾಂಕಿನ ಹತ್ತಿರ ಕಾಲು ತೊಳೆಯುತ್ತ. "ಹಾಜರಿ ಕಡಿಮಿ ಬಿದ್ರ ಪರೀಕ್ಷಿಗೆ ಕುಂದ್ರಸಂಗಿಲ್ಲಂತ." ಹಾಕು ಎಂದು ಅವಳು ಕೇಳಲಿಲ್ಲ. ಇದನ್ನು ಅನುಷಾ ಮರೆಯಲು ತುಂಬ ಪ್ರಯತ್ನ ಪಟ್ಟಿದ್ದಳು, ಕೇಳಿದ್ದಳು ಎಂದು ತನಗೆ ತಾನೇ ಹೇಳಿಕೊಂಡೂ ನೋಡಿದ್ದಳು. ಕೇಳಲಿಲ್ಲ. "ನಾ ಇಲ್ಲೇನು? ಹಾಕ್ತೀನಿ ತಗಾ" ಅಂದವಳು ತಾನೇ. ಲೆಕ್ಕದ ಪುಸ್ತಕದ ಅರ್ಧ ಲೆಕ್ಕಗಳನ್ನು ಬಿಡಿಸಿಕೊಟ್ಟವಳು ಮೌನಿಕಾ, ಹಿಂದಿನ ಬೆಂಚಿನಲ್ಲಿ ಕುಳಿತು, ಯಾರಿಗೂ ಗೊತ್ತಾಗದಂತೆ. ಆ ಋಣಕ್ಕೆ ಇದು ಎಂದು ಅನ್ನಿಸಿತ್ತು. ಅದೂ ಪೂರ್ತಿ ನಿಜವಲ್ಲ. ಮೊದಲ ದಿನ ಖಾಲಿ ಜಾಗ ನೋಡುತ್ತ ಆ ಹೆಸರಿನ ಮುಂದೆ ಗೀಟು ಎಳೆದಾಗ ಅವಳಿಗೆ ಖುಷಿಯಾಗಿತ್ತು. ತಾನು ಗೀಟು ಎಳೆದರೆ ಒಬ್ಬಳು ಇರುತ್ತಾಳೆ, ಎಳೆಯದಿದ್ದರೆ ಇಲ್ಲ. ಮನೆಯಲ್ಲಿ ಅವ್ವ ದಾಕ್ಷಾಯಣಮ್ಮ ಒಂದು ಲೋಟ ಎತ್ತಿಡುವುದಕ್ಕೂ ಬೈಯುವಳು. ಸಾಲಿಯಲ್ಲಿ ಇಂಥ ಅಧಿಕಾರ.

ಎರಡು ವಾರ ಮುಗಿದವು, ಮೌನಿಕಾ ಬರಲಿಲ್ಲ. ಹದಿನೈದನೆಯ ದಿನ ಕೆಂಪು ಪೆನ್ನು ಕೈಗೆತ್ತಿಕೊಂಡು ಅನುಷಾ ಸುಮಾರು ಹೊತ್ತು ಕುಳಿತಿದ್ದಳು. ಇವತ್ತು ಕೆಂಪು ಬಿದ್ದರೆ ನಾಳೆಯೂ ಬೀಳುತ್ತದೆ. ಸರ್ ಹುಡುಕಿಕೊಂಡು ಹೋಗುತ್ತಾರೆ. ಎಂದಿನಿಂದ ಬಂದಿಲ್ಲ ಎಂದು ಅಲ್ಲಿ ಕೇಳುತ್ತಾರೆ. ನೀಲಿ ಪೆನ್ನು ತೆಗೆದುಕೊಂಡಳು. ಆಮೇಲೆ ಯೋಚಿಸುವ ತಾಪತ್ರಯವೇ ಇರಲಿಲ್ಲ, ಹಲ್ಲುಜ್ಜಿದ ಹಾಗೆ ದಿನವೂ ಒಂದು ಗೀಟು. ಒಂದು ದಿನ ಮಾತ್ರ ಸರ್ ತರಗತಿಯ ನಡುವೆ ಬೋರ್ಡಿನ ಮೇಲಿನ ಲೆಕ್ಕ ನಿಲ್ಲಿಸಿ ತಿರುಗಿ ನೋಡಿದರು. "ಮೌನಿಕಾ ಎಲ್ಲಿ?" ಅಂದರು. ಎಲ್ಲರೂ ಅನುಷಾಳ ಕಡೆ ನೋಡಿದರು. ಯಾರಾದರೂ ಹೇಳಬಹುದಿತ್ತು, ಆದರೆ ಅದು ಲೀಡರ್ ಹೇಳುವ ಮಾತು. ಅನುಷಾ ಎದ್ದು ನಿಂತು "ಇವತ್ತ ಬಂದಿಲ್ರಿ ಸರ್. ನಿನ್ನೆ ಬಂದಿದ್ಲು" ಅಂದಳು. "ಹೌದಾ" ಎಂದು ಅವರು ಮತ್ತೆ ಬೋರ್ಡಿಗೆ ತಿರುಗಿದರು. ನಿನ್ನೆ ಅವರು ಬೇರೆ ಸಾಲಿಯಲ್ಲಿದ್ದರು. ಅಷ್ಟೇ ಆದದ್ದು. ಬೆಂಚಿನ ಮೇಲೆ ಕುಳಿತಾಗ ಅಳುಕಿತ್ತು, ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ಅದು ಹೋಯಿತು. ಹೋದದ್ದೇ ಈಗ ಅವಳಿಗೆ ಹೆಚ್ಚು ಹೆದರಿಕೆ. ಪರೀಕ್ಷೆಯ ದಿನ ಆ ಜಾಗ ಖಾಲಿ ಉಳಿಯಿತು. ಸರ್ ಮನೆಗೆ ಹೋದರು, ಬೀಗ ಇತ್ತು. ಹುಡುಗಿಯನ್ನು ಬಳ್ಳಾರಿಗೆ ಕೆಲಸಕ್ಕೆ ಹಚ್ಚಿದ್ದಾರೆ ಎಂದರು ನೆರೆಯವರು. ಪುಸ್ತಕದಲ್ಲಿ ಮಾತ್ರ ಅವಳು ಕೊನೆಯ ದಿನದವರೆಗೆ ಸಾಲಿಯಲ್ಲಿದ್ದಳು.

"ಬಳ್ಳಾರಿ ಬಂತವ್ವ" ಎಂದು ಮುದುಕಿ ತಟ್ಟಿದಳು, ನಿದ್ದೆ ಮಾಡಿದವಳು ತಾನಾದರೂ ಅನುಷಾಳನ್ನೇ ಎಬ್ಬಿಸುವವಳ ಹಾಗೆ. ಕೋಟೆಗುಡ್ಡದ ಬಂಡೆಗಳು ಹನ್ನೊಂದು ಗಂಟೆಗೇ ಕಾದು ಬೆಳ್ಳಗಾಗಿದ್ದವು. ಪಕ್ಕೀರಮ್ಮನನ್ನು ಹೋದ ವಾರ ಸಂತೆಯಲ್ಲಿ ಕಂಡಾಗ ಕೇಳಿಕೊಂಡ ಗುರುತು ಕೌಲ್ ಬಜಾರಿನಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಎದುರಿನ ಸಂದಿ. ಪಕ್ಕೀರಮ್ಮ ಅಂದು ಅವಳ ಗಲ್ಲ ಸವರಿದ್ದಳು. "ನೀನ ಅಲ್ಲೇನಮ್ಮಾಯಿ, ನಮ್ಮ ಹುಡಿಗಿ ಹಾಜರಿ ಹಾಕಿದಾಕಿ? ಒಳ್ಳೇದಾಗ್ಲಿ ನಿನಗ" ಅಂದಿದ್ದಳು. ಆ ಗಲ್ಲವನ್ನು ಅನುಷಾ ಮನೆಗೆ ಹೋಗಿ ತೊಳೆದುಕೊಂಡಿದ್ದಳು.

ಸಂದಿಯ ಕೊನೆಯ ಮನೆಯ ಪಡಸಾಲೆ ತುಂಬ ಜೀನ್ಸ್ ಪ್ಯಾಂಟುಗಳ ರಾಶಿ. ಹತ್ತು ಹನ್ನೆರಡು ಜನ ಹೆಂಗಸರು, ಹುಡುಗಿಯರು ರಾಶಿಯ ಸುತ್ತ ನೆಲದ ಮೇಲೆ ಕುಳಿತು ಸಣ್ಣ ಕತ್ತರಿಯಿಂದ ಹೊಲಿಗೆಯ ಬಿಡಿ ದಾರ ಕತ್ತರಿಸುತ್ತಿದ್ದರು. ಭಾನುವಾರವೂ ಅರ್ಧ ದಿನ ಕೆಲಸ. ಒಬ್ಬಳು ಎದ್ದು, ಮೂಗಿಗೆ ಕಟ್ಟಿಕೊಂಡ ಬಟ್ಟೆ ಬಿಚ್ಚುತ್ತ ಬಂದಳು. ಅದು ಸಾಲಿಯ ಸಮವಸ್ತ್ರದ ವೇಲು. ಮೌನಿಕಾ ಎತ್ತರವಾಗಿದ್ದಳು. ಉಗುರುಗಳ ಸುತ್ತ ನೀಲಿ ಹತ್ತಿಕೊಂಡಿತ್ತು.

"ಏನ್ಲೇ ಲೀಡರ್," ಅಂದಳು ನಗುತ್ತ. "ಇಲ್ಲೂ ಹಾಜರಿ ಹಿಡ್ಯಾಕ ಬಂದೇನು?"

ಅನುಷಾಳಿಗೆ ನಗು ಬರಲಿಲ್ಲ. ಒಳಗಿನಿಂದ ಮೇಲ್ವಿಚಾರಣೆಯ ಸುಂಕಲಮ್ಮ "ಹತ್ತ ನಿಮಿಷದಾಗ ಒಳಗ ರಾವೇ" ಎಂದು ತೆಲುಗು ಬೆರೆಸಿ ಕೂಗಿದಳು. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಮೌನಿಕಾ ಸುತಳಿ ಬಿಚ್ಚಿ ಪೇಪರು ತೆಗೆದು ಫೋಟೋ ನೋಡಿದಳು. ಒಬ್ಬೊಬ್ಬರ ಮೇಲೂ ಬೆರಳಿಟ್ಟು, ಇವಗ ಮೀಸಿ ಬಂದಾವ, ಇಕಿ ಎಷ್ಟ ದಪ್ಪ ಆಗ್ಯಾಳ ಎಂದು ಹೇಳುತ್ತ ಹೋದಳು. ಹೆಸರುಗಳಿಗೆ ಬಂದಾಗ ಬೆರಳು ನಿಂತಿತು. ಮೇಲಕ್ಕೆ ಕೆಳಕ್ಕೆ ಎರಡು ಸಲ ಎಣಿಸಿದಳು.

"ನನ್ನ ಹೆಸರಿಗೆ ನಿನ್ನ ಮುಖ ಬರ್ತೈತಲ್ಲಲೇ."

"ತಪ್ಪಿ ಬರದೆ."

"ಇರ್ಲಿ. ನಿನ್ನೆ ಎಲ್ಲಾರು ಏನೇನ ಮಾತಾಡಿದ್ರು? ನೀ ಏನಂದಿ?"

"ಮೂರ ವರ್ಷ ಹೆಂಗ ಹೋದವೋ ಗೊತ್ತಾಗಲಿಲ್ಲ ಅಂದೆ."

"ನನಗ ಗೊತ್ತಾಗೈತಿ" ಅಂದಳು ಮೌನಿಕಾ. ಚುಚ್ಚಲು ಅಂದದ್ದಲ್ಲ. ಅವಳ ಕಣ್ಣು ಕುರ್ಚಿಗಳ ಸಾಲಿನಲ್ಲಿ ಕುಳಿತ ಮರಿಬಸಪ್ಪ ಸರ್ ಮೇಲಿತ್ತು. "ಸರ್‌ದು ಇನ್ನೂ ಆ ಬೈಕ್ ಐತೇನು? ದಡದಡ ಅನ್ನದು?"

"ಐತಿ."

ಈಗ ಹೇಳಬೇಕು ಎಂದು ಅನುಷಾ ಬಾಯಿ ತೆರೆದಳು. ಮೌನಿಕಾ ಆಗಲೇ ಹೇಳತೊಡಗಿದ್ದಳು, ಫೋಟೋದ ಗಾಜಿಗೆ ಹೇಳುವವಳ ಹಾಗೆ. "ನಾಟಿ ಗದ್ದಿ ಕಾಲುವಿ ಏರಿ ಬಾಜೂಕ ಇತ್ತಲೇ. ಏರಿ ಮ್ಯಾಲ ದಾರಿ. ಎರಡ ವಾರ ಆತು, ಇನ್ನೊಂದ ಗದ್ದಿ ಹಿಡದಾರ ಅಂದ್ಲು ಅವ್ವ. ನಾ ಒಲ್ಲೆ ಅನ್ನಲಿಲ್ಲ. ಯಾಕಂದ್ರ ಸರ್ ಬಂದ ಬರ್ತಾರ ಅಂತ ಗೊತ್ತಿತ್ತು. ತಿಪ್ಪೇಶನ್ನ ಕರ್ಕಂಡ ಬಂದಿದ್ರಲ್ಲ. ಏರಿ ಮ್ಯಾಲ ಬೈಕ್ ಸಪ್ಪಳ ಕೇಳಿದ್ರ ಸಾಕು, ತೆಲಿ ಎತ್ತಿ ನೋಡ್ತಿದ್ದೆ. ಸಾಲು ಸೊಟ್ಟ ಆಗಿ ಮೇಸ್ತ್ರಿ ಕೈಲೆ ಬೈಸ್ಕಂಡೆ. ಭಾನುವಾರ ಅಂತೂ ಚಲೋ ಲಂಗ ಹಾಕ್ಕಂಡ ಕೆಸರಿಗೆ ಇಳಿತಿದ್ದೆ, ಅವ್ವ ನಗ್ತಿದ್ಲು." ಅವಳೂ ನಕ್ಕಳು. "ಬರಲಿಲ್ಲ. ಎರ್ರಿ ಮಗಳು ಸಾಲಿಗೆ ಬಂದ್ರೇನು ಬಿಟ್ರೇನು ಅಂತ ಬಿಟ್ಟಾರ ಅನ್ಕಂಡೆ. ನಾವಂದ್ರ ಅಷ್ಟ ಅಂತ. ಬಳ್ಳಾರಿಗೆ ಹೋಗ್ತಿ ಏನ್ ಅಂತ ಅವ್ವ ಕೇಳಿದ್ಲು, ಹೂಂ ಅಂದೆ. ಕರಿಯಾಕ ಯಾರೂ ಬರದ ಸಾಲಿಗೆ ಯಾಕ ಹೋಗ್ಬೇಕು?"

ಗಿರಣಿಯ ಪಟ್ಟಿ ತಿರುಗುವ ಸದ್ದು ಕೇಳುತ್ತಿತ್ತು. ಈ ಮಾತು ಕೇಳಿದ ಮೇಲೆ ಎದ್ದು ಹೋಗಿಬಿಡಬಹುದಿತ್ತು. ಸಿಟ್ಟು ಸರ್ ಮೇಲಿದೆ, ತನ್ನ ಮೇಲಿಲ್ಲ. ಸರ್‌ಗೆ ಅದು ಎಂದೂ ತಿಳಿಯುವುದೂ ಇಲ್ಲ. ಈ ಲೆಕ್ಕ ಅನುಷಾಳ ತಲೆಯಲ್ಲಿ ಎಷ್ಟು ಬೇಗ ಬಂತೆಂದರೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ತರಗತಿಯಲ್ಲಿ ಎದ್ದು ನಿಂತ ದಿನದ ಅದೇ ಅಳುಕು ಮತ್ತೆ ಬಂತು. ಈ ಸಲ ಅದು ಹೋಗುವ ಮುಂಚೆ ಹೇಳಿಬಿಟ್ಟಳು.

"ಸರ್‌ಗೆ ಗೊತ್ತಿರಲಿಲ್ಲ. ಎರಡ ವಾರ ಆದಮ್ಯಾಲೂ ನಾ ನಿನ್ನ ಹಾಜರಿ ಹಾಕಿದೆ. ಸಿಕ್ಕಬೀಳ್ತೀನಿ ಅಂತ ಹೆದರಿಕಿ ಆತು. ಒಟ್ಟ ನಲವತ್ತಮೂರು ದಿನ. ಪುಸ್ತಕದಾಗ ನಿಂದು ಒಂದ ಕೆಂಪ ಅಷ್ಟ. ಅವತ್ತ ಸರ್ ಕೇಳಿದ್ರು, ನಿನ್ನೆ ಬಂದಿದ್ಲು ಅಂತ ಸುಳ್ಳ ಹೇಳಿದೆ."

ಮೌನಿಕಾ ತಿರುಗಿ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡಳು ಅನುಷಾ. ಹೊಡೆಯಲಿ ಎಂದೂ ಅನ್ನಿಸಿತು.

"ಕೇಳಿದ್ರಾ?" ಅಂದಳು ಮೌನಿಕಾ.

"ಹೂಂ."

"ನನ್ನ ಹೆಸರ ಹಿಡದು?"

"ಮೌನಿಕಾ ಎಲ್ಲಿ ಅಂದ್ರು. ಲೆಕ್ಕ ಬಿಡಿಸಾದು ನಿಲ್ಲಿಸಿ ಕೇಳಿದ್ರು."

ಮೌನಿಕಾಳ ಮುಖದಲ್ಲಿ ಆದದ್ದನ್ನು ಅನುಷಾ ನಿರೀಕ್ಷಿಸಿರಲಿಲ್ಲ. ಅವಳಿಗೆ ಸಂತೋಷವಾಗಿತ್ತು. ನಲವತ್ತಮೂರು ದಿನ, ಹೆದರಿಕೆ, ಸುಳ್ಳು ಯಾವುದೂ ಅವಳ ಕಿವಿಗೆ ಬಿದ್ದಂತಿರಲಿಲ್ಲ. ಬಿದ್ದಿದ್ದರೂ ಆಮೇಲೆ ನೋಡಿಕೊಳ್ಳಲು ಬದಿಗಿಟ್ಟಂತಿತ್ತು. ಕೆನ್ನೆ ಕೆಂಪಾಗಿ, ಲೆಕ್ಕದ ಉತ್ತರ ತಾಳೆಯಾದಾಗ ಹಿಂದಿನ ಬೆಂಚಿನಲ್ಲಿ ಅರಳುತ್ತಿದ್ದ ಅದೇ ಮುಖ. "ಹಂಗಂದ್ರ ಗೊತ್ತಾಗಿದ್ರ ಬರ್ತಿದ್ರು" ಅಂದಳು, ತನಗೇ. "ಏರಿ ಮ್ಯಾಲ ಬರ್ತಿದ್ರು." ಸಂತೋಷ ಪೂರ್ತಿ ಅವಳೊಬ್ಬಳದೇ. ಪಕ್ಕದಲ್ಲಿ ಕುಳಿತವಳಿಗೆ ಅದರಲ್ಲಿ ಪಾಲಿರಲಿಲ್ಲ.

ಸುಂಕಲಮ್ಮ ಮತ್ತೆ ಕೂಗಿದಳು. ಮೌನಿಕಾ ಎದ್ದು ವೇಲನ್ನು ಮೂಗಿಗೆ ಕಟ್ಟಿಕೊಂಡಳು. ಫೋಟೋವನ್ನು ಪೇಪರಿನಲ್ಲಿ ಮೊದಲಿನ ಹಾಗೆಯೇ ಸುತ್ತಿ, ಸುತಳಿ ಬಿಗಿದು, ಅನುಷಾಳ ತೊಡೆಯ ಮೇಲಿಟ್ಟಳು.

"ಇದು ನಿನಗಂತ ತಂದದ್ದು" ಅಂದಳು ಅನುಷಾ.

"ಇದ್ರಾಗ ನಾ ಎಲ್ಲದೀನಿ? ನನ್ನ ಹೆಸರ ಬರ್ಯಾದು ಇನ್ನ ಸಾಕ ಮಾಡು." ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ನೀರು ಬರಂಗಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಎರಡು ಹೆಜ್ಜೆ ಹೋಗಿ ನಿಂತು, "ಸರ್‌ಗೆ ಹೇಳು. ನಾ ಕಾದಿದ್ದೆ ಅಂತ ಹೇಳು" ಅಂದಳು. "ಹೇಳ್ತೀನಿ" ಎನ್ನುವುದರೊಳಗೆ ರಾಶಿಯ ಹಿಂದೆ ಕುಳಿತಾಗಿತ್ತು. ಇನ್ನೊಮ್ಮೆ ತಲೆ ಎತ್ತುತ್ತಾಳೇನೋ ಎಂದು ಅನುಷಾ ಬಾಗಿಲಲ್ಲಿ ನಿಂತು ಕಾದಳು. ಕತ್ತರಿಗಳು ಒಂದೇ ಸಮ ಕಟಕಟ ಅನ್ನುತ್ತಿದ್ದವು. ಮೂಗು ಬಾಯಿ ಮುಚ್ಚಿದ ಅಷ್ಟು ಮುಖಗಳಲ್ಲಿ ಯಾವುದು ಅವಳದೆಂದು ಸ್ವಲ್ಪ ಹೊತ್ತಿಗೆ ಗೊತ್ತಾಗದೇ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ನಿಂತಿತ್ತು. ಅವಳು ಹತ್ತಲಿಲ್ಲ. ಊರಿಗೆ ಹೋಗಿ, ಸೋಮವಾರ ಸಾಲಿಗೆ ಹೋಗಿ ಹೇಳಿದರಾಯಿತು ಎಂದುಕೊಂಡರೆ ಎಂದೆಂದಿಗೂ ಹೇಳುವುದಿಲ್ಲ ಎಂದು ಅವಳಿಗೆ ತನ್ನ ಬಗ್ಗೆ ಈಗ ಚೆನ್ನಾಗಿ ಗೊತ್ತಿತ್ತು. ಕಂಬಕ್ಕೆ ಚೌಕಟ್ಟು ಆನಿಸಿ, ಅವ್ವನ ಫೋನು ತೆಗೆದು ಒತ್ತಿದಳು. ಎಷ್ಟೋ ಹೊತ್ತು ರಿಂಗಾಯಿತು. ಎತ್ತುವುದಿಲ್ಲ ಎಂದು ಜೀವ ಹಗುರಾಗುತ್ತಿರುವಾಗಲೇ ಆ ಕಡೆ ಎತ್ತಿದರು. ಮೊದಲು ಮಾತು ಕೇಳಲಿಲ್ಲ. ಗಾಳಿ, ಅದರ ಹಿಂದೆ ದಡದಡ ಸಪ್ಪಳ. ಭಾನುವಾರ, ಪರೀಕ್ಷೆ ಹತ್ತಿರ ಬಂದಿದೆ, ಸರ್ ಯಾರದೋ ಮನೆಗೆ ಹೊರಟಿದ್ದರು.

"ಯಾರು? ಅನುಷಾನಾ? ತಡಿಯವ್ವ, ಗಾಡಿ ನಿಂದ್ರಸ್ತೀನಿ" ಅಂದರು.

ಆ ಸಪ್ಪಳ ಅವಳ ಕಿವಿಯಲ್ಲಿ ನಿಧಾನವಾಗಿ ಇಳಿದು, ಒಂದೆರಡು ಸಲ ಕೆಮ್ಮಿ ನಿಂತಿತು.

"ಹೂಂ, ಹೇಳವ್ವ" ಅಂದರು ಸರ್. "ಎಲ್ಲದಿ?"